ಐಟಿಐ ಬೇಡವೆನ್ನುವ ಮಕ್ಕಳನ್ನು ಬೈಯಬೇಡಿ

ಗೋವಾದ ಕಾರ್ಖಾನೆ ಕೆಲಸವೆಲ್ಲ ಹೊರಗಿನವರ ಪಾಲಾಗುತ್ತಿದೆ ಎಂಬ ಕೂಗೆದ್ದಾಗಲೆಲ್ಲ ಕೊನೆಗೆ ಬೈಸಿಕೊಳ್ಳುವವರು ಹೈಸ್ಕೂಲು ಮಕ್ಕಳು. ಅವರಿಗೆ ಐಟಿಐ ಬೇಡವಂತೆ, ಸರ್ಕಾರಿ ಕುರ್ಚಿಯೇ ಬೇಕಂತೆ. ಬೇಡವೆನ್ನದೆ ಇನ್ನೇನು ಮಾಡಿಯಾರು? ಸರ್ಕಾರಿ ನೌಕರಿಗಾಗಿ ಜನ ದಲ್ಲಾಳಿಗಳ ಕೈಗೆ ಲಕ್ಷಗಟ್ಟಲೆ ಸುರಿದ ಹಗರಣ 2024ರ ಕೊನೆಯಲ್ಲಿ ಇದೇ ರಾಜ್ಯದಲ್ಲಿ ಹೊರಬಿತ್ತು. ಹಲವರ ಬಂಧನವೂ ಆಯಿತು. ಆ ಕುರ್ಚಿಗೆ ಹಿರಿಯರೇ ಕಟ್ಟಿದ ಬೆಲೆ ಅದು. ಮಗ ಫಿಟ್ಟರ್ ಆಗಲೆಂದು ಲಂಚ ಕೊಟ್ಟ ತಂದೆಯನ್ನು ಯಾರಾದರೂ ಕಂಡಿದ್ದೀರಾ?

ವಾಸ್ಕೋದ ಬೈನಾ, ಝುವಾರಿನಗರಗಳ ನಮ್ಮ ಕನ್ನಡದ ಮನೆಗಳನ್ನೇ ನೋಡಿ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ಗೌಂಡಿ ರಸಮಟ್ಟ ಇಡುತ್ತಾನೆ, ದಾರಕ್ಕೆ ಕಟ್ಟಿದ ಗುಂಡು ಇಳಿಬಿಡುತ್ತಾನೆ, ಒಂದು ಕಣ್ಣು ಮುಚ್ಚಿ ಗೋಡೆ ಕೂದಲೆಳೆಯಷ್ಟು ವಾಲಿದ್ದರೂ ಹಿಡಿಯುತ್ತಾನೆ. ಅದು ಅಪ್ಪಟ ರೇಖಾಗಣಿತ. ಆದರೆ ಅವನ ಬಳಿ ಪ್ರಮಾಣಪತ್ರವಿಲ್ಲ, ಪಿಎಫ್ ಇಲ್ಲ, ಮಳೆ ಹಿಡಿದರೆ ಕೂಲಿಯೂ ಇಲ್ಲ. ಸಾಲದ್ದಕ್ಕೆ ಘಟ್ಟದಾಚೆಯಿಂದ ಬಂದವನೆಂದು ಹಳಿಯುವ 'ಘಾಟಿ' ಎಂಬ ಬೈಗುಳ. ಮಗ ಇದನ್ನೆಲ್ಲ ನೋಡುತ್ತಲೇ ಬೆಳೆದಿದ್ದಾನೆ. ಕರಣೆ ಹಿಡಿಯಲಾರೆ ಎಂದರೆ ಅದು ಸೋಮಾರಿತನವಲ್ಲ, ಕಂಡುಂಡ ಬುದ್ಧಿ.

ಶಾಲೆಯಾದರೂ ಈ ಕೀಳರಿಮೆ ಕಳೆಯಬೇಕಿತ್ತು. ಅದು ಮಾಡಿದ್ದೇನು? ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ಗಣಿತವೋ ವಿಜ್ಞಾನವೋ ಫೇಲಾದರೆ ಕೌಶಲ ವಿಷಯದ ಅಂಕ ಅದರ ಜಾಗಕ್ಕೆ ಬರುತ್ತದೆ. ಅಂದರೆ ಕೈಕೆಲಸದ ಪಾಠ ಸ್ಟೆಪ್ನಿ ಟೈರಿದ್ದಂತೆ, ಗಾಲಿ ಪಂಕ್ಚರ್ ಆದರಷ್ಟೇ ಅದರ ನೆನಪು. ದಡ್ಡರಿಗೆ ಮೀಸಲೆಂದು ನಿಯಮವೇ ಸೂಚಿಸುತ್ತಿರುವಾಗ ಜಾಣ ಹುಡುಗಿ ಅದನ್ನು ಯಾಕೆ ಆರಿಸಿಕೊಳ್ಳುತ್ತಾಳೆ?

19ರಿಂದ 24 ವರ್ಷದ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಭಾರತದಲ್ಲಿ ಶೇ 5ಕ್ಕೂ ಕಡಿಮೆ, ಜರ್ಮನಿಯಲ್ಲಿ ಶೇ 75 ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಬರೆದುಕೊಂಡಿದೆ. 1986ರ ನೀತಿಯೂ 1995ರೊಳಗೆ ಹೈಯರ್ ಸೆಕೆಂಡರಿಯ ಶೇ 25 ಮಕ್ಕಳನ್ನು ವೃತ್ತಿ ಶಿಕ್ಷಣಕ್ಕೆ ತರುವ ಮಾತಾಡಿತ್ತು. ಗುರಿಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ಮಕ್ಕಳಿಗೆ ಉಪದೇಶ ಸಾಕು. ಕೌಶಲ ವಿಷಯವನ್ನು ಮೊದಲ ರ‍್ಯಾಂಕಿನವರೂ ಸೇರಿ ಎಲ್ಲರಿಗೂ ಕಲಿಸಿ, ಫೇಲಾದವರ ಆಸರೆ ಮಾಡಬೇಡಿ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ, ಅಲ್ಲಿಂದ ಎಂಜಿನಿಯರಿಂಗಿಗೂ ಇದೆ. ಇದನ್ನು ಒಂಬತ್ತನೇ ತರಗತಿಯಲ್ಲೇ ಹೇಳಿ. ಎಲ್ಲಕ್ಕಿಂತ ಮೊದಲು, ವೆರ್ಣಾ ಕೈಗಾರಿಕಾ ವಸಾಹತಿನ ಕಾರ್ಖಾನೆಗಳು ವೆಲ್ಡರನಿಗೆ ಗುತ್ತಿಗೆದಾರನ ಚೀಟಿ ಬಿಟ್ಟು ಕಾಯಂ ನೇಮಕದ ಪತ್ರ ಕೊಡಲಿ.