ಪಕ್ಷವಿಲ್ಲದ ನಗರಾಧ್ಯಕ್ಷ

ಚುನಾವಣೆಯ ಕಣದಲ್ಲಿ ಪಕ್ಷೇತರನಾಗಿ ನಿಲ್ಲುವವನನ್ನು ಕಂಡರೆ ಜನರಿಗೆ ಗೌರವಕ್ಕಿಂತ ಕನಿಕರವೇ ಹೆಚ್ಚು. ಹಿಂದೆ ದಂಡಿಲ್ಲ, ಮುಂದೆ ಬಾವುಟವಿಲ್ಲ. ಮನುಷ್ಯ ಒಳ್ಳೆಯವನೇ ಇರಬಹುದು, ಆದರೆ ಗೆದ್ದು ತಾನೇ ಏನು ಮಾಡಿಯಾನು ಎಂಬುದು ಲೋಕಾನುಭವಿಗಳ ಪ್ರಶ್ನೆ. ಅಮೆರಿಕದ ಓಹಿಯೋ ಸಂಸ್ಥಾನದ ಟೊಲೀಡೊ ನಗರವು ಶತಮಾನಕ್ಕೂ ಹಿಂದೆಯೇ ಇದಕ್ಕೆ ಉತ್ತರ ಕೊಟ್ಟಿದೆ. ಆ ಉತ್ತರದಲ್ಲಿ ಬೇವೂ ಇದೆ, ಬೆಲ್ಲವೂ ಇದೆ.

ಸ್ಯಾಮ್ಯುಯೆಲ್ ಜೋನ್ಸ್ 1846ರಲ್ಲಿ ವೇಲ್ಸ್ ದೇಶದ ಬಡ ಕುಟುಂಬದಲ್ಲಿ ಜನಿಸಿದವನು. ಮೂರು ವರ್ಷದ ಕೂಸಾಗಿದ್ದಾಗ ತಂದೆತಾಯಿಗಳೊಡನೆ ಕಡಲು ದಾಟಿ ಅಮೆರಿಕವನ್ನು ಸೇರಿದನು. ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. ಎಣ್ಣೆಯ ಬಾವಿಗಳಲ್ಲಿ ಕೂಲಿಯಾಗಿ ದುಡಿದು, ಕ್ರಮೇಣ ಬಾವಿಗಳ ಒಡೆಯನಾಗಿ, ಎಣ್ಣೆಯನ್ನು ಮೇಲೆತ್ತುವ ಪಂಪಿನ ಸರಳುಗಳನ್ನು ಸುಧಾರಿಸಿ, 1894ರಲ್ಲಿ ಟೊಲೀಡೊದಲ್ಲಿ ಅವುಗಳ ಕಾರ್ಖಾನೆಯನ್ನು ತೆರೆದನು. ಅನ್ಯ ಕಾರ್ಖಾನೆಗಳ ಗೋಡೆಯ ಮೇಲೆ ನಿಯಮಗಳ ಉದ್ದನೆಯ ಪಟ್ಟಿ ತೂಗುತ್ತಿದ್ದರೆ ಇವನ ಗೋಡೆಯ ಮೇಲಿದ್ದುದು ಒಂದೇ ನಿಯಮ: ಪರರು ನಿನ್ನೊಡನೆ ಹೇಗೆ ನಡೆದುಕೊಳ್ಳಬೇಕೆಂದು ಬಯಸುವೆಯೋ ಹಾಗೆಯೇ ನೀನೂ ಪರರೊಡನೆ ನಡೆದುಕೋ. ಕ್ರೈಸ್ತರು ಸುವರ್ಣ ನಿಯಮವೆಂದು ಕರೆಯುವ ಈ ಮಾತು ನಮ್ಮ ಹಿರಿಯರು ಹೇಳಿದ ಆತ್ಮೌಪಮ್ಯಕ್ಕೆ ಹತ್ತಿರವಾದುದು. ಜೋನ್ಸನು ಅದನ್ನು ಗೋಡೆಗೇ ಬಿಡಲಿಲ್ಲ. ದಿನಕ್ಕೆ ಎಂಟು ಗಂಟೆಯ ದುಡಿಮೆ, ಸಂಬಳಸಹಿತ ರಜೆ, ಕೆಲಸಗಾರರಿಗೊಂದು ಉದ್ಯಾನ ಇವೆಲ್ಲವೂ ಅಲ್ಲಿ ಬಂದವು.

1897ರಲ್ಲಿ ರಿಪಬ್ಲಿಕನ್ ಪಕ್ಷವು ಆತನನ್ನು ನಗರಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಅಲ್ಪ ಅಂತರದಿಂದ ಗೆದ್ದ ಜೋನ್ಸನು ಪಕ್ಷದ ಮುಖಂಡರ ಕೈಗೊಂಬೆಯಾಗಲಿಲ್ಲ. 1899ರಲ್ಲಿ ಪಕ್ಷವು ಟಿಕೆಟ್ಟು ನಿರಾಕರಿಸಿತು. ಆತ ಪಕ್ಷೇತರನಾಗಿ ನಿಂತನು. ಅವನ ಪ್ರಣಾಳಿಕೆ ಚಿಕ್ಕದು, ಆದರೆ ತೀಕ್ಷ್ಣವಾದುದು. ಸರ್ವರಿಗೂ ಸಮಾನ ಅವಕಾಶ, ಯಾರಿಗೂ ವಿಶೇಷ ಸವಲತ್ತಿಲ್ಲ. ದೀಪ, ಟ್ರಾಮು ಮೊದಲಾದ ಸಾರ್ವಜನಿಕ ಸೌಕರ್ಯಗಳು ನಗರದ ಸ್ವಂತ ಸೊತ್ತಾಗಬೇಕು. ಬೀದಿಗಳ ಮೇಲೆ ಲಾಭ ಗಳಿಸಲು ಖಾಸಗಿ ಕಂಪೆನಿಗಳಿಗೆ ಹೊಸ ಸನ್ನದುಗಳನ್ನು ಕೊಡಬಾರದು, ಇದ್ದವನ್ನು ಮುಂದುವರಿಸಬಾರದು. ನಗರದ ಕಾಮಗಾರಿಗಳಲ್ಲಿ ಗುತ್ತಿಗೆದಾರರ ಪದ್ಧತಿ ನಿಲ್ಲಬೇಕು. ಎರಡು ದೊಡ್ಡ ಪಕ್ಷಗಳೂ ಎದುರು ನಿಂತವು. ಮತ ಎಣಿಸಿದಾಗ ನೂರಕ್ಕೆ ಸುಮಾರು 70 ಮತಗಳು ಜೋನ್ಸನ ಪಾಲಿಗೆ ಬಂದಿದ್ದವು!

ಅಧಿಕಾರದಲ್ಲಿ ತನ್ನ ಕೈಗೆಟುಕಿದುದನ್ನೆಲ್ಲ ಆತ ಮಾಡಿದನು. ನಗರದ ನೌಕರರಿಗೆ ಎಂಟು ಗಂಟೆಯ ದಿನ, ಮಕ್ಕಳಿಗೆ ಶಿಶುವಿಹಾರ ಮತ್ತು ಆಟದ ಬಯಲುಗಳು. ಪೋಲೀಸರ ಕೈಯಿಂದ ಲಾಠಿಯನ್ನು ತೆಗೆಸಿ ಹಗುರವಾದ ಬೆತ್ತವನ್ನು ಕೊಡಿಸಿದನು. ನಗರಾಧ್ಯಕ್ಷನಿಗೆ ಪೋಲೀಸು ನ್ಯಾಯಾಲಯದಲ್ಲಿ ಕೂರುವ ಅಧಿಕಾರವಿದ್ದಿತು. ಅಲ್ಲಿ ಕುಳಿತಾಗ, ಕುಡಿದು ಬಿದ್ದವರನ್ನೂ ನೆಲೆಯಿಲ್ಲದ ಅಲೆಮಾರಿಗಳನ್ನೂ, ಬಡತನಕ್ಕಾಗಿ ಶಿಕ್ಷಿಸಲೊಲ್ಲದೆ ಬಿಟ್ಟು ಕಳುಹಿಸುತ್ತಿದ್ದನು.

ಆದರೆ ಕೈಗೆಟುಕದ ಸಂಗತಿಗಳೇ ಬಹಳ. ನಗರಸಭೆಯಲ್ಲಿ ಪಕ್ಷಗಳ ಸದಸ್ಯರಿದ್ದರು. ಜೋನ್ಸನಿಗೆ ತನ್ನದೆನ್ನುವ ಬಹುಮತವಿರಲಿಲ್ಲ. ಟ್ರಾಮು ಕಂಪೆನಿಯ ಸನ್ನದನ್ನು ತಡೆಹಿಡಿಯಲು ಅವನಿಗೆ ಸಾಧ್ಯವಾಯಿತು. ಟ್ರಾಮನ್ನು ನಗರದ ಸೊತ್ತಾಗಿಸಲು ಸಾಧ್ಯವಾಗಲಿಲ್ಲ. ಬೇಡವೆನ್ನಲು ಒಬ್ಬನ ಸಹಿ ಸಾಕು, ಬೇಕೆನ್ನಲು ಹಲವರ ಕೈ ಏಳಬೇಕು. ಇತ್ತ ಸಂಸ್ಥಾನದ ಶಾಸನಸಭೆಯು ಅವನ ನ್ಯಾಯಾಧಿಕಾರವನ್ನು ಕಿತ್ತುಕೊಂಡಿತು. ಸಾಲದೆಂಬಂತೆ, ಟೊಲೀಡೊದ ಪೋಲೀಸು ಆಡಳಿತವನ್ನೇ ಗವರ್ನರು ನೇಮಿಸುವ ಮಂಡಲಿಗೆ ವಹಿಸುವ ಕಾಯಿದೆಯನ್ನು ಮಾಡಿತು. ಜೋನ್ಸನು ಮಣಿಯಲಿಲ್ಲ. 1902ರಲ್ಲಿ ಓಹಿಯೋದ ಶ್ರೇಷ್ಠ ನ್ಯಾಯಾಲಯವು ಆ ಕಾಯಿದೆಯನ್ನು ಅಸಿಂಧುವೆಂದು ಸಾರಿತು. ಒಂದು ನಗರವು ತನ್ನನ್ನು ತಾನೇ ಆಳಿಕೊಳ್ಳಬಲ್ಲುದೆ ಎಂಬುದೇ ಆ ಜಗಳದ ತಿರುಳಾಗಿದ್ದಿತು.

ಜನರು 1901ರಲ್ಲಿಯೂ 1903ರಲ್ಲಿಯೂ ಮರಳಿ ಆತನನ್ನೇ ಆರಿಸಿದರು. 1904ರ ಜುಲೈ 12ರಂದು, ಅಧಿಕಾರದಲ್ಲಿರುವಾಗಲೇ ಜೋನ್ಸನು ತೀರಿಕೊಂಡನು. ಪ್ರಣಾಳಿಕೆಯ ಪ್ರಧಾನ ಅಂಶಗಳು ಕಾಗದದ ಮೇಲೆಯೇ ಉಳಿದಿದ್ದವು. ಒಬ್ಬನ ಬೆನ್ನಿನ ಮೇಲೆ ನಿಂತ ಸುಧಾರಣೆಯು ಅವನೊಡನೆಯೇ ಮಣ್ಣಾಗುವುದು ಲೋಕದ ವಾಡಿಕೆ.

ಟೊಲೀಡೊದಲ್ಲಿ ಹಾಗಾಗಲಿಲ್ಲ. ಆತನ ಆಪ್ತನಾಗಿದ್ದ ಬ್ರ್ಯಾಂಡ್ ವಿಟ್‌ಲಾಕ್ ಎಂಬ ವಕೀಲ, ಸಾಹಿತಿಯೂ ಹೌದು, 1905ರಲ್ಲಿ ಪಕ್ಷೇತರನಾಗಿಯೇ ಚುನಾಯಿತನಾಗಿ ನಾಲ್ಕು ಅವಧಿಗಳ ಕಾಲ ನಗರವನ್ನು ನಡೆಸಿದನು. 1912ರಲ್ಲಿ ಓಹಿಯೋದ ಸಂವಿಧಾನಕ್ಕೆ ತಿದ್ದುಪಡಿಯಾಗಿ, ನಗರಗಳು ತಮ್ಮ ಆಡಳಿತದ ನಿಬಂಧನೆಯನ್ನು ತಾವೇ ರಚಿಸಿಕೊಳ್ಳುವ ಹಕ್ಕನ್ನು ಪಡೆದವು. 1914ರಲ್ಲಿ ಟೊಲೀಡೊ ಪಡೆದ ನಿಬಂಧನೆಯಲ್ಲಿ ನಗರದ ಚುನಾವಣೆಗಳು ಪಕ್ಷಗಳ ಹೆಸರಿಲ್ಲದೆ ನಡೆಯಬೇಕೆಂದು ವಿಧಿಸಲಾಯಿತು. ಜೋನ್ಸನು ಒಬ್ಬನೇ ನಡೆದ ದಾರಿಯು ಹದಿನೈದು ವರ್ಷಗಳಲ್ಲಿ ನಗರದ ರಾಜಮಾರ್ಗವಾಯಿತು.

ಊರು ಉಪಕಾರ ಅರಿಯದು ಎನ್ನುತ್ತದೆ ಗಾದೆ. ಟೊಲೀಡೊ ಅರಿಯಿತು, ಅರಿತದ್ದನ್ನು ಹೂಮಾಲೆಯಲ್ಲಿ ಮುಗಿಸದೆ ಕಾನೂನಿನಲ್ಲಿ ಬರೆದಿಟ್ಟಿತು. ಪಕ್ಷೇತರ ಅಭ್ಯರ್ಥಿಯು ಮನೆಬಾಗಿಲಿಗೆ ಬಂದಾಗ ಅವನು ಸಜ್ಜನನೇ ಎಂದು ಕೇಳುವುದು ಒಳ್ಳೆಯದೇ. ಅವನು ಇಲ್ಲವಾದ ಮೇಲೂ ಅವನ ಕೆಲಸವು ನಿಲ್ಲುವಂತೆ ಏನನ್ನು ಕಟ್ಟುವನು, ಕಟ್ಟಲು ಜೊತೆಗೆ ಯಾರಿದ್ದಾರೆ ಎಂದು ಕೇಳುವುದು ಇನ್ನೂ ಒಳ್ಳೆಯದು. ಆ ಪ್ರಶ್ನೆಗೆ ಉತ್ತರದ ಅರ್ಧಭಾಗವನ್ನು ಬಾಗಿಲು ತೆರೆದ ಮತದಾರನೇ ಕೊಡಬೇಕಾಗುತ್ತದೆ.