ಖರ್ಜವೇನು ಗಂಡಸರ ಆಸ್ತಿಯೇ?

"ಎರಡು ತಂತಿ ಕಡಿಮಿ ಅದಾವಂದ ಮ್ಯಾಲೆ ರೊಕ್ಕಾನೂ ಕಡಿಮಿ ಆಗಬೇಕಲ್ಲ?" ಎಂದರು ನಮ್ಮ ಮನೆಯವರು.

ಲೆಕ್ಕವೇನೋ ಸರಿಯಾಗಿಯೇ ಇತ್ತು. ಸಾಮಾನ್ಯ ಗಿಟಾರಿಗೆ ಆರು ತಂತಿ. ನಮ್ಮ ಮಗಳು ಕೇಳುತ್ತಿದ್ದ ಬಾಸ್ ಗಿಟಾರಿಗೆ ನಾಲ್ಕೇ ತಂತಿ. ಬೆಲೆ ಮಾತ್ರ ಹೆಚ್ಚು. ಹೀಗೆ ಶುರುವಾದ ಮಾತು ಒಂದು ವಾರ ನಮ್ಮ ಮನೆಯಲ್ಲಿ ಉಂಡಿತು, ಮಲಗಿತು, ಬೆಳಗಾಗೆದ್ದು ಮತ್ತೆ ಜಗಳವಾಡಿತು. ಅತ್ತೆಯವರು, "ಹೆಣ್ಣು ಹುಡುಗಿ, ವೀಣಾ ಕಲೀಲಿ, ಹಾರ್ಮೋನಿಯಂ ಕಲೀಲಿ. ಆ ಗುಂಯ್‌ಗುಡೋದು ಯಾಕ ಬೇಕು?" ಎಂದರು. ಅವಳ ಕಾಲೇಜಿನ ಗ್ಯಾದರಿಂಗಿನ ಹುಡುಗರಂತೂ ಮೊದಲೇ ತೀರ್ಮಾನ ಕೊಟ್ಟುಬಿಟ್ಟಿದ್ದರು. ಹುಡುಗಿಯರು ಹಾಡಬೇಕು, ಹೆಚ್ಚೆಂದರೆ ಕೀಬೋರ್ಡ್ ಮುಂದೆ ನಿಲ್ಲಬೇಕು. ಬಾಸ್ ಎಂದರೆ ಗಂಡಸರದು.

ಈ ಕೊನೆಯ ಮಾತೇ ನನ್ನನ್ನು ಕೆಣಕಿದ್ದು. ಅಲ್ಲಿಯವರೆಗೆ ನಾನೂ ರೊಕ್ಕದ ಲೆಕ್ಕದಲ್ಲೇ ಇದ್ದೆ. ಆಮೇಲೆ ಪಟ್ಟು ಹಿಡಿದೆ.

ನಮ್ಮ ಗಿಣಿಗೇರಾದಲ್ಲಿ ಕೆಳದನಿಗೆ ಬರವಿಲ್ಲ ನೋಡಿ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ರಸ್ತೆಯ ಮೇಲಿನ ಊರು. ಒಂದು ಕಡೆ ರೈಲು ಹಳಿ, ಸುತ್ತಮುತ್ತ ಕಬ್ಬಿಣದ ಕಾರ್ಖಾನೆ. ರಾತ್ರಿ ಗೂಡ್ಸ್ ಗಾಡಿ ಹೋದರೆ ಮಾಡದ ಮೇಲಿನ ಹಿತ್ತಾಳೆ ತಾಟುಗಳು ಸಣ್ಣಗೆ ನಡುಗುತ್ತವೆ. ಮೊದಲು ಅದು ಕಿವಿಗೆ ಕೇಳುವುದಿಲ್ಲ, ಅಂಗಾಲಿಗೆ ತಿಳಿಯುತ್ತದೆ. ಬಾಸಿನ ದನಿಯೂ ಅಂಥದ್ದೇ. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅಲುಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಸ್ವರದ ಬುಡವನ್ನು ನುಡಿಸುವ ಶಕ್ತಿಯೇ ಇಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ ನಮ್ಮ ಕಿವಿಯೇ ಬುಡವನ್ನು ಊಹಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ಹಾಡು ಕೇಳಿ "ಬಾಸ್ ಎಲ್ಲೈತಿ, ಕೇಳಂಗೇ ಇಲ್ಲ" ಎನ್ನುವವರು ಇದನ್ನು ನೆನಪಿಡಬೇಕು. ಮನೆಯ ಹೆಂಗಸಿನ ದುಡಿಮೆಯ ಹಾಗೆ ಅದು: ಇದ್ದಾಗ ಕಾಣುವುದಿಲ್ಲ, ಇಲ್ಲವಾದಾಗ ಮನೆ ಪೊಳ್ಳಾಗುತ್ತದೆ.

ಸಂಘದಲ್ಲಿ ಸಾಲ ತೆಗೆದೆ. ಹತ್ತು ಕಂತು. ಪ್ಯಾಸೆಂಜರ್ ಗಾಡಿ ಹತ್ತಿ ತಾಯಿ-ಮಗಳಿಬ್ಬರೂ ಹುಬ್ಬಳ್ಳಿಗೆ ಹೋದೆವು.

ಅಂಗಡಿಯವರು ಒಳ್ಳೆಯವರೇ, ಚಹಾ ತರಿಸಿದರು. ಆದರೆ ಮಾತೆಲ್ಲ ಅಂಗಡಿಯಲ್ಲಿದ್ದ ಇನ್ನೊಬ್ಬ ಗಂಡಸು ಗಿರಾಕಿಯ ಕಡೆ ಮುಖ ಮಾಡಿಯೇ! ನಮಗೆ ಮೂರು ಗಿಟಾರು ತೋರಿಸಿದರು. ಮೊದಲನೆಯದರಲ್ಲಿ ಒಂದೇ ಪಿಕಪ್, ಎರಡು ತುಂಡಾಗಿ ಒಡೆದದ್ದು. ಎರಡನೆಯದರಲ್ಲಿ ಎರಡು ಪಿಕಪ್. ಮೂರನೆಯದು ಬ್ಯಾಟರಿಯದು, 'ಆ್ಯಕ್ಟಿವ್'. ಅದರ ಮೈಮೇಲೆ ಐದು ಗುಂಡಿಗಳು, ಬೆಲೆ ಮೊದಲನೆಯದರ ದುಪ್ಪಟ್ಟು. "ಇದನ್ನು ತಗೊಂಡ್ರ ಯಾವ ಟೋನ್ ಬೇಕಾದ್ರೂ ಬರತೈತ್ರೀ ಅಕ್ಕಾರ, ನುಡಿಸಾವ್ರು ಯಾರಿದ್ರೂ ನಡೀತೈತಿ" ಎಂದರು.

ನುಡಿಸುವವರು ಯಾರಿದ್ದರೂ ನಡೆಯುತ್ತದೆಯೇ? ನನ್ನ ತಕರಾರು ಇರುವುದೇ ಇಲ್ಲಿ.

ಒಳಗಿರುವುದೇನು ಎಂಬುದನ್ನು ಮೊದಲು ತಿಳಿಯೋಣ. ಗುಟ್ಟೇನೂ ದೊಡ್ಡದಲ್ಲ. ನಮ್ಮೂರ ಮಕ್ಕಳು ಅಯಸ್ಕಾಂತಕ್ಕೆ ದಾರ ಕಟ್ಟಿ ಮಣ್ಣಿನಲ್ಲಿ ಎಳೆದರೆ ಕಬ್ಬಿಣದ ಪುಡಿ ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಪಿಕಪ್ಪಿನಲ್ಲಿ ಇರುವುದೂ ಅಯಸ್ಕಾಂತವೇ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಬಲವೂ ಅಲುಗಿ, ಸುರುಳಿಯಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ಸಂಗತಿ ಇದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬಾಸ್' ತಂದಾಗಲೂ ಇದೇ, ಇಂದಿಗೂ ಇದೇ.

ಪಿಕಪ್ ಎಲ್ಲಿದೆ ಎಂಬುದರ ಮೇಲೆ ದನಿ ಬದಲಾಗುತ್ತದೆ. ಕುದುರೆಯ ಹತ್ತಿರವಿದ್ದರೆ ದನಿ ಗಡಸು, ಕೊರಳಿನ ಹತ್ತಿರವಿದ್ದರೆ ತುಂಬು. ವೀಣೆಯ ತಂತಿಯನ್ನು ಕುದುರೆಯ ಹತ್ತಿರ ಮೀಟಿದವರಿಗೆ ಇದು ಹೊಸದಲ್ಲ. ಒಂದೇ ಸುರುಳಿಯ ಪಿಕಪ್ ಮನೆಯ ಕರೆಂಟಿನ 'ಹಮ್' ಶಬ್ದವನ್ನೂ ಎಳೆದುಕೊಳ್ಳುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿದರೆ ಎರಡರ ಹಮ್ಮು ಒಂದನ್ನೊಂದು ಹೊಡೆದುಹಾಕುತ್ತವೆ. 1957ರಿಂದ ಪ್ರಿಸಿಷನ್ ಬಾಸಿನ ಪಿಕಪ್ಪನ್ನು ಎರಡು ತುಂಡು ಮಾಡಿದ್ದರ ಲಾಭ ಇದು. 1960ರ 'ಜಾಝ್ ಬಾಸ್'ಗೆ ಎರಡು ಬೇರೆ ಬೇರೆ ಪಿಕಪ್. ಎರಡನ್ನೂ ಸಮನಾಗಿ ತೆರೆದಿಟ್ಟರೆ ಅಲ್ಲೂ ಹಮ್ಮು ಅಡಗುತ್ತದೆ.

ಇನ್ನು ಟೋನಿನ ಗುಂಡಿ. ಬ್ಯಾಟರಿ ಇಲ್ಲದ 'ಪ್ಯಾಸಿವ್' ಗಿಟಾರಿನಲ್ಲಿ ಅದು ಏನನ್ನೂ ಸೇರಿಸುವುದಿಲ್ಲ. ಒಂದು ಕೆಪಾಸಿಟರ್ ಮೂಲಕ ತಾರದ ದನಿಯನ್ನು ಸೋಸಿ ಹೊರಗೆ ಹಾಕುತ್ತದೆ, ಅಷ್ಟೇ. ಅಂದರೆ ಅದು ಜರಡಿ. ಬ್ಯಾಟರಿಯ ಗಿಟಾರಿನ ಒಳಗಾದರೆ ಸಣ್ಣ ಆಂಪ್ಲಿಫೈಯರ್ ಕೂತಿರುತ್ತದೆ, ಅದು ಬಾಸನ್ನೂ ತಾರವನ್ನೂ ನಿಜವಾಗಿ ಹೆಚ್ಚಿಸಬಲ್ಲದು. 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ 'ಸ್ಟಿಂಗ್‌ರೇ' ಬಂದ ಮೇಲೆ ಈ ಬಗೆಯದು ಹಬ್ಬಿತು. ಇದರಲ್ಲಿ ಅನುಕೂಲ ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ವೇದಿಕೆ ದೊಡ್ಡದು, ಕೇಬಲ್ಲು ಉದ್ದ ಎಂದರೆ ಪ್ಯಾಸಿವ್ ಗಿಟಾರಿನ ತಾರದ ದನಿ ದಾರಿಯಲ್ಲೇ ಸೋರುತ್ತದೆ, ಆ್ಯಕ್ಟಿವ್ ತಡೆದುಕೊಳ್ಳುತ್ತದೆ. ಆದರೆ ಕೇಬಲ್ ಸಿಕ್ಕಿಸಿಟ್ಟು ಮರೆತರೆ ನುಡಿಸದಿದ್ದರೂ ಒಂಬತ್ತು ವೋಲ್ಟಿನ ಬ್ಯಾಟರಿ ಸವೆಯುತ್ತಲೇ ಇರುತ್ತದೆ, ಒಂದು ದಿನ ಕುಸಿಯುತ್ತದೆ. ನಮ್ಮಂಥ ಊರಲ್ಲಿ ರಾತ್ರಿ ಹತ್ತಕ್ಕೆ ಆ ಬ್ಯಾಟರಿ ಎಲ್ಲಿ ಹುಡುಕುವುದು?

ಅಂಗಡಿಯಲ್ಲಿ ನಾನೊಂದು ಪರೀಕ್ಷೆ ಮಾಡಿದೆ. ಗೋಡೆಯ ಕಡೆ ಮುಖ ಮಾಡಿ ಕೂತೆ. ಮಗಳು ಒಂದೇ ತುಣುಕನ್ನು ಮೂರರಲ್ಲೂ ನುಡಿಸಲಿ, ಅಂಗಡಿಯ ಹುಡುಗನೂ ನುಡಿಸಲಿ, ಯಾವುದು ಯಾವುದೆಂದು ನಾನು ಹೇಳುತ್ತೇನೆ ಎಂದೆ. ಗುಂಡಿಗಳೆಲ್ಲ ನಡುವಿನಲ್ಲಿ. ಗಿಟಾರುಗಳ ಗುರುತು ಹಿಡಿಯುವಲ್ಲಿ ಎರಡು ಸಲ ತಪ್ಪಿದೆ. ದುಪ್ಪಟ್ಟು ಬೆಲೆಯದನ್ನೇ ಅಗ್ಗದ್ದು ಎಂದುಬಿಟ್ಟೆ! ಆದರೆ ನುಡಿಸುವ ಬೆರಳು ಬದಲಾದಾಗ ಒಂದು ಸಲವೂ ತಪ್ಪಲಿಲ್ಲ. ಮೂವತ್ತು ವರ್ಷ ಭಜನೆಯಲ್ಲಿ ತಾಳ ಹಾಕಿದ ಕಿವಿ ನನ್ನದು, ಅದಕ್ಕಿಂತ ದೊಡ್ಡ ವಿದ್ವತ್ತು ಏನೂ ಇಲ್ಲ. ಆ ಕಿವಿಗೂ ಬೆರಳು ತಿಳಿಯಿತು, ಬೆಲೆ ತಿಳಿಯಲಿಲ್ಲ.

ಇದು ನನ್ನೊಬ್ಬಳ ಹುಚ್ಚಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳಿಗೆ ಬಾಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಮೀಟುತ್ತಿದ್ದದ್ದು ಒಂದೇ ತೋರುಬೆರಳಿನಲ್ಲಿ. ಅವರದು ಬ್ಯಾಟರಿ ಇಲ್ಲದ ಪ್ರಿಸಿಷನ್ ಬಾಸ್; ತಂತಿ ಹಳೆಯದಾದರೂ ಬದಲಿಸುತ್ತಿರಲಿಲ್ಲ. ನಮ್ಮಲ್ಲೇ ನೋಡಿ, ತಂಬೂರಿಯ ಟೋನಿನ ಗುಂಡಿ ಯಾವುದು? ಕುದುರೆಯ ಮೇಲೆ ತಂತಿಯ ಕೆಳಗೆ ತೂರಿಸುವ ಒಂದು ಎಳೆ ದಾರ! ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ಜವಾರಿ ತೆರೆದುಕೊಳ್ಳುತ್ತದೆ, ನಾಲ್ಕು ತಂತಿಯಿಂದ ನಲವತ್ತು ದನಿ ಏಳುತ್ತವೆ. ಖರ್ಚು ಶೂನ್ಯ. ಬೇಕಾದದ್ದು ಕಿವಿ ಮತ್ತು ತಾಳ್ಮೆ.

ಇಷ್ಟೆಲ್ಲ ಕೇಳಿದ ಮೇಲೆ ಅಂಗಡಿಯವರು ಕೊನೆಯ ಬಾಣ ಬಿಟ್ಟರು. "ಹುಡುಗಿ ಕೈ ಸಣ್ಣವು ಅದಾವ್ರೀ, ತಂತಿ ದಪ್ಪ. ಆಗೂದಿಲ್ಲ."

ಕೈ ಸಣ್ಣದಿದ್ದರೆ ಅದಕ್ಕೂ ಗಿಟಾರಿದೆ. ಸಾಮಾನ್ಯ ಬಾಸಿನ ತಂತಿಯ ಉದ್ದ 34 ಇಂಚು, ಗಿಡ್ಡದು 30 ಇಂಚು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಜಗತ್ತೆಲ್ಲ ಸುತ್ತಿ ಬಾರಿಸಿದ್ದು ಗಿಡ್ಡದನ್ನೇ. ಗಂಡಸು ನುಡಿಸಿದರೆ ಅದು ಶೈಲಿ, ಹೆಣ್ಣು ಕೇಳಿದರೆ ಕೊರತೆ! ಲಾಸ್ ಏಂಜಲೀಸಿನ ಕ್ಯಾರೊಲ್ ಕೇ ಎಂಬಾಕೆ ಗಿಟಾರ್ ನುಡಿಸಿ ಮಕ್ಕಳನ್ನೂ ತಾಯಿಯನ್ನೂ ಸಾಕುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬಾಸಿನವನು ಬರಲಿಲ್ಲವೆಂದು ಅವರ ಕೈಗೆ ಬಾಸ್ ಕೊಟ್ಟರು. ಆಮೇಲೆ ಎಷ್ಟೋ ಹಾಡುಗಳ ಅಡಿಪಾಯ ಅವರದೇ. ನಮ್ಮ ದೇಶದಲ್ಲೇ ಮುಂಬಯಿಯ ಮೋಹಿನಿ ಡೇ ತಂದೆಯಿಂದಲೇ ಬಾಸ್ ಕಲಿತು ಎ. ಆರ್. ರೆಹಮಾನರ ಜೊತೆ ನುಡಿಸಿದವರು.

ಅಷ್ಟು ದೂರ ಯಾಕೆ ಹೋಗಬೇಕು? ಹುಲಿಗಿಗೆ ಹೋಗಿ. ನಮ್ಮೂರಿಗೆ ಹತ್ತಿರವೇ, ಮುನಿರಾಬಾದಿನ ಪಕ್ಕ, ತುಂಗಭದ್ರೆಯ ದಂಡೆಗೆ. ಹುಲಿಗೆಮ್ಮನ ಗುಡಿಯ ಮುಂದೆ ಜೋಗತಿಯರ ಕಂಕುಳಲ್ಲಿ ಇರುವುದೇನು? ಚೌಡಿಕೆ. ಒಂದು ಮರದ ಹೊಳವು, ತಳಕ್ಕೆ ಚರ್ಮ, ಒಂದು ತಂತಿ. ತಂತಿಯನ್ನು ಬಿಗಿಮಾಡಿ ಸಡಿಲಿಸಿ ಮೀಟಿದರೆ ದನಿ ನೆಲದಿಂದ ಎದ್ದ ಹಾಗೆ ಬರುತ್ತದೆ. ಪಿಕಪ್ಪಿಲ್ಲ, ಬ್ಯಾಟರಿಯಿಲ್ಲ. ಆದರೆ ಹಾಡಿನ ಬುಡ ಕಟ್ಟುವ ಕೆಲಸ ಅದೇ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟಿದೆವಲ್ಲ! ಹಾಗಾದರೆ ಕೆಳದನಿ ಹೆಣ್ಣಿನ ಕೈಗೆ ಹೊಸದೆಂದು ಯಾವ ಬಾಯಿಂದ ಹೇಳುವುದು?

ಆ ಹೆಂಗಸರನ್ನು ದೇವಿಗೆ ಬಿಟ್ಟ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಅದನ್ನು ನಿಲ್ಲಿಸಲೆಂದೇ ನಮ್ಮ ರಾಜ್ಯ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ನಾನು ಹೇಳುವುದು ಬೇರೆ. ನಾವು ಮರ್ಯಾದಸ್ಥರು ಎನಿಸಿಕೊಂಡವರು ದನಿಯನ್ನೂ ಜಾತಿ ಮಾಡಿ ಹಂಚಿದೆವು. ಸಣ್ಣ ದನಿ, ಮೇಲಿನ ದನಿ ನಮ್ಮ ಹೆಣ್ಣುಮಕ್ಕಳಿಗೆ; ನೆಲದ ದನಿ ಬೀದಿಯ ಹೆಣ್ಣಿಗೆ; ಅದಕ್ಕೆ ಕರೆಂಟು ಸೇರಿ ಬೆಲೆ ಬಂದ ಮೇಲೆ ಗಂಡಸರಿಗೆ! ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಡಸಾಯಿತು. ಆ ದನಿಯಲ್ಲೇ ಅವರು ದೇಶವನ್ನು ಗೆದ್ದರು. ಆದರೂ ರೇಡಿಯೋದಲ್ಲಿ ಕೇಳಿದಾಗ "ಗಂಡಸಿನಂಗ ಐತಲ್ಲ" ಎನ್ನುವವರು ನಮ್ಮ ಓಣಿಯಲ್ಲೇ ಇದ್ದರು. ಅದು ಗಂಡಸಿನ ದನಿಯಲ್ಲ ತಾಯಿ, ಗಂಗೂಬಾಯಿಯವರ ದನಿ.

ನಾವು ಎರಡನೆಯ ಗಿಟಾರು ಕೊಂಡೆವು. ಎರಡು ಪಿಕಪ್ಪಿನದು, ಬ್ಯಾಟರಿ ಇಲ್ಲದ್ದು. ಅವಳ ಬೆರಳು 34 ಇಂಚಿಗೆ ಮುಟ್ಟುತ್ತಿತ್ತು, ಗಿಡ್ಡದು ಬೇಕಾಗಲಿಲ್ಲ. ಮೂರನೆಯದಕ್ಕೆ ಕೊಡಬೇಕಿದ್ದ ಹೆಚ್ಚಿನ ರೊಕ್ಕದಲ್ಲಿ ಹತ್ತಿಂಚಿನ ಸ್ಪೀಕರಿನ ಆಂಪ್ಲಿಫೈಯರು ಬಂತು. ಮಗಳಿಗೆ ವಾದ್ಯ ಕೊಡಿಸಲು ಹೊರಟ ತಾಯಂದಿರಿಗೆ ನನ್ನ ಮಾತು ಇಷ್ಟೇ: ಗುಂಡಿ ಎಣಿಸಬೇಡಿ. ತಂತಿ ಮರಕ್ಕೆ ಎಷ್ಟು ಹತ್ತಿರವಿದೆ, ಒತ್ತಿದರೆ ಬೆರಳು ನೋಯುತ್ತದೆಯೇ, ಹೆಗಲಿಗೆ ಭಾರವಾಗುತ್ತದೆಯೇ, ಎಲ್ಲ ಮನೆಯಲ್ಲೂ ಸ್ವರ ಸರಿಯಿದೆಯೇ ನೋಡಿ. ನುಡಿಸುವವಳ ಕೈಗೇ ಕೊಟ್ಟು ಕೇಳಿ. ಅಂಗಡಿಯವನು ನುಡಿಸಿದ್ದು ಅಂಗಡಿಯವನ ದನಿ.

ಗ್ಯಾದರಿಂಗಿನ ದಿನ ಸೌಂಡಿನವನು ರೂಢಿಯ ಹಾಗೆ ಬಾಸಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಮೆರವಣಿಗೆಯ ಟ್ರ್ಯಾಕ್ಟರಿನ ಡಬ್ಬಿಗಳಿಗೆ ಒಗ್ಗಿದ ಕಿವಿ. ಎದೆ ಗುದ್ದಿದರೇ ಅವನಿಗೆ ಬಾಸ್. ಸಭಾಂಗಣವೆಲ್ಲ ಗುಂಯ್ ಎಂದಿತು. ಹಾಡುತ್ತಿದ್ದ ಹುಡುಗಿಯ ಬಾಯಿ ಅಲುಗುತ್ತಿತ್ತು, ಮಾತು ಒಂದೂ ಕೇಳಲಿಲ್ಲ. ಹೆಣ್ಣುದನಿಯ ಬುಡ ಸುಮಾರು 200 ಹರ್ಟ್ಸಿನ ಆಸುಪಾಸು ಇರುತ್ತದೆ. ಬಾಸಿನ ಉಪಸ್ವರಗಳು ಅಲ್ಲೇ ಕೆಸರು ಮಾಡಿದರೆ ಹಾಡುವವಳು ಮುಳುಗುತ್ತಾಳೆ. ತಂಡದ ಹುಡುಗರಿಗೆ ಅದು ಗೊತ್ತಾಗಲೇ ಇಲ್ಲ. ನನ್ನ ಮಗಳು ತಲೆ ಎತ್ತಿ ಆ ಹುಡುಗಿಯ ಕಡೆ ನೋಡಿದಳು. ತನ್ನ ಗಿಟಾರಿನ ವಾಲ್ಯೂಮನ್ನು ತಾನೇ ಇಳಿಸಿದಳು, ಬೆರಳನ್ನು ಕೊರಳ ಕಡೆಯಿಂದ ಕುದುರೆಯ ಕಡೆ ಸರಿಸಿ ಮೆಲ್ಲಗೆ ಮೀಟತೊಡಗಿದಳು. ಕೆಸರು ತಿಳಿಯಾಯಿತು. ಹಾಡಿನ ಮಾತು ಕೇಳಿತು.

ಐದು ಗುಂಡಿಯ ಗಿಟಾರಿನಲ್ಲಿ ಈ ಗುಂಡಿ ಇರಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಬಹಳ ಹೊತ್ತು ಸುಮ್ಮನಿದ್ದು, "ನಾಲ್ಕ ತಂತಿ ಸಾಕು ಬಿಡು" ಎಂದರು. ಅತ್ತೆಯವರು ಮಾತ್ರ ಇನ್ನೂ ವೀಣೆಯ ಮಾತು ಬಿಟ್ಟಿಲ್ಲ. ಸಂಘದ ಸಾಲದಲ್ಲಿ ಇನ್ನೂ ಮೂರು ಕಂತು ಬಾಕಿ ಇವೆ. ಕಟ್ಟುತ್ತೇನೆ.