ಸೂರ್ಯನ ಕಲೆ, ಚಳಿಯ ಲೆಕ್ಕ

ಜರ್ಮನಿಯ ಡೆಸ್ಸೌ ಊರಿನ ಔಷಧ ವ್ಯಾಪಾರಿ ಹೈನ್‌ರಿಕ್ ಶ್ವಾಬೆ 1826ರಿಂದ ದೂರದರ್ಶಕ ಹಿಡಿದು ಸೂರ್ಯನನ್ನು ಗಮನಿಸತೊಡಗಿದರು. ಹುಡುಕಿದ್ದು ಬುಧನಿಗಿಂತ ಒಳಗಿನ ಹೊಸ ಗ್ರಹವನ್ನು; ಅದು ಸಿಗಲಿಲ್ಲ. ಬದಲಿಗೆ, ಸೂರ್ಯನ ಕಲೆಗಳು ಸುಮಾರು ಹತ್ತು ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುದು ತಿಳಿಯಿತು. ಈಗಿನ ಲೆಕ್ಕದಲ್ಲಿ ಈ ಅವಧಿ ಸರಾಸರಿ 11 ವರ್ಷ.

ಹಾಗಾದರೆ ಕಲೆಗಳನ್ನು ಎಣಿಸಿ ಮುಂಬರುವ ಚಳಿಗಾಲವನ್ನು ತಿಂಗಳುಗಳ ಮೊದಲೇ ಹೇಳಬಹುದೇ? ಹವ್ಯಾಸಿಗಳ ಹಳೆಯ ಆಸೆ ಇದು. 1645ರಿಂದ 1715ರವರೆಗೆ ಕಲೆಗಳು ತೀರ ವಿರಳವಾಗಿದ್ದವು. ಆ ಅವಧಿಯಲ್ಲೇ, 1683-84ರ ಚಳಿಗಾಲದಲ್ಲಿ, ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆಯೇ ನೆರೆದಿತ್ತು. ಇದಕ್ಕಿಂತ ಪುರಾವೆ ಬೇಕೆ ಎನ್ನುವವರು ದಾಖಲೆಯನ್ನು ಇನ್ನಷ್ಟು ಓದಬೇಕು. ಎರಡೇ ವರ್ಷದ ನಂತರ, ಕಲೆಗಳು ಹಾಗೆಯೇ ವಿರಳವಾಗಿದ್ದರೂ, ಮಧ್ಯ ಇಂಗ್ಲೆಂಡಿನ ಚಳಿಗಾಲ ಅಪರೂಪಕ್ಕೆ ಬೆಚ್ಚಗಿತ್ತು!

ಈ ಚಕ್ರದಲ್ಲಿ ಸೂರ್ಯನ ಒಟ್ಟು ಶಕ್ತಿ ಬದಲಾಗುವುದು ಕೇವಲ ಶೇಕಡ 0.1ರಷ್ಟು. ಅದರ ಪ್ರಭಾವ ಇಲ್ಲವೆಂದಲ್ಲ. ಆದರೆ ಸಾಗರ ಮತ್ತು ಗಾಳಿಯ ಮಾತೂ ಅದರೊಡನೆ ಸೇರುತ್ತದೆ. ಒಂದು ಹೊಂದಿಕೆ ಕಂಡ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಶ್ವಾಬೆ 17 ವರ್ಷ ಎಣಿಸಿದ ಮೇಲೆಯೇ, 1843ರಲ್ಲಿ, ಬಾಯಿಬಿಟ್ಟರು.

ಎಣಿಸುವ ಆಸೆಯುಳ್ಳ ವಿದ್ಯಾರ್ಥಿಗಳು ಹಿರಿಯರ ಎದುರಿನಲ್ಲಿ ದೂರದರ್ಶಕದ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿಯೇ ನೋಡಬೇಕು. ನೇರವಾಗಿ ಕಣ್ಣಿಟ್ಟರೆ ಕಣ್ಣೇ ಹೋದೀತು.